ಫೈಲಿನಲ್ಲಿಲ್ಲದ ಫಂಕ್ಷನ್

ಕೆಲಸ ತೀರಾ ಸಪ್ಪೆ. ಇಷ್ಟು ಹಣ ಬಂತು ಅಂತ ನಮ್ಮ ಲೆಕ್ಕ ಹೇಳುತ್ತದೆ, ಇಷ್ಟು ಕಳಿಸಿದೆವು ಅಂತ ಎದುರಿನವರ ಫೈಲು ಹೇಳುತ್ತದೆ. ರಾತ್ರಿ ಎರಡನ್ನೂ ತಾಳೆ ನೋಡಬೇಕು, ಹೊಂದದ ಸಾಲುಗಳನ್ನು ಬೆಳಿಗ್ಗೆ ಲೆಕ್ಕಪತ್ರ ವಿಭಾಗದವರ ಮುಂದಿಡಬೇಕು. ಇದನ್ನು ಮಾಡುತ್ತಿದ್ದ ಸ್ಕ್ರಿಪ್ಟು ಆರು ವರ್ಷದಲ್ಲಿ ನಾಲ್ಕು ಜನರ ಕೈ ದಾಟಿ ಬಂದಿತ್ತು. ಫೈಲು ಕಳಿಸುವ ಪ್ರತಿ ಸಂಸ್ಥೆಗೂ ಅದರದ್ದೇ ಒಂದು ವಿನಾಯಿತಿ. ಒಬ್ಬರದು ದಿನಾಂಕ ತಿರುಗುಮುರುಗು, ಇನ್ನೊಬ್ಬರು ವಾಪಸಾದ ಹಣವನ್ನು ಮೈನಸ್ ಚಿಹ್ನೆ ಇಲ್ಲದೆ ಬರೆಯುತ್ತಾರೆ, ಮತ್ತೊಬ್ಬರದು ತಿಂಗಳ ಕೊನೆಗೆ ಮಾತ್ರ ಒಂದು ಕಾಲಂ ಜಾಸ್ತಿ. ಪ್ರತಿಯೊಂದಕ್ಕೂ ಒಂದು ಇಫ್ (ಹೀಗಿದ್ದರೆ ಹೀಗೆ ಮಾಡು ಎಂಬ ಷರತ್ತು), ಆ ಇಫ್‌ನ ಹೊಟ್ಟೆಯೊಳಗೆ ಇನ್ನೊಂದು ಇಫ್. ಮುಟ್ಟಿದರೆ ಎಲ್ಲಿ ಮುರಿಯುತ್ತದೋ ಅಂತ ಯಾರೂ ಮುಟ್ಟುತ್ತಿರಲಿಲ್ಲ. ಅದನ್ನು ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಾಮನ್ ಲಿಸ್ಪ್‌ನಲ್ಲಿ, ಅಂದರೆ ಲಿಸ್ಪ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯ ಒಂದು ರೂಪದಲ್ಲಿ, ಬರೆಯುತ್ತೇನೆ ಎಂದು ನಾನೇ ಮೈಮೇಲೆ ಎಳೆದುಕೊಂಡೆ.

ಲಿಸ್ಪ್ ನನಗೆ ಪೂರ್ತಿ ಹೊಸದೇನಲ್ಲ. ಇಮ್ಯಾಕ್ಸ್ ಎಂಬ ಎಡಿಟರ್ ಬಳಸುವವರೆಲ್ಲ ಒಂದಲ್ಲ ಒಂದು ದಿನ ಅದರ ಲಿಸ್ಪ್‌ಗೆ ಕೈ ಹಾಕಿಯೇ ಹಾಕುತ್ತಾರೆ, ನಾನೂ ಹಾಕಿದ್ದೆ. ಆದರೆ ನನ್ನ ಎಡಿಟರ್ ಕೆಟ್ಟರೆ ನನಗೆ ಮಾತ್ರ ತೊಂದರೆ. ಇಲ್ಲಿ ಬೇರೆಯವರ ಹಣದ ಲೆಕ್ಕ.

ಮ್ಯಾನೇಜರ್ ಮುಂದೆ ಕೂತಾಗ ನಾನು ಚೆನ್ನಾಗಿ ತಯಾರಾಗಿ ಹೋಗಿದ್ದೆ. ಪಾಲ್ ಗ್ರಹಾಂ ಮತ್ತು ಗೆಳೆಯರು 1995ರಲ್ಲಿ ವಯಾವೆಬ್ ಎಂಬ ಆನ್‌ಲೈನ್ ಅಂಗಡಿ ತೆರೆಯುವ ಸೇವೆಯನ್ನು ಲಿಸ್ಪ್‌ನಲ್ಲಿ ಕಟ್ಟಿದ್ದು, 1998ರಲ್ಲಿ ಯಾಹೂ ಅದನ್ನು ಕೊಂಡದ್ದು, ವಿಮಾನ ಟಿಕೆಟ್ ದರ ಹುಡುಕುವ ಐಟಿಎ ಸಾಫ್ಟ್‌ವೇರ್ ಎಂಬ ಕಂಪನಿಯ ಎಂಜಿನ್ ಕಾಮನ್ ಲಿಸ್ಪ್‌ನಲ್ಲಿದ್ದು ಆಮೇಲೆ ಗೂಗಲ್ ಪಾಲಾದದ್ದು, ಎಲ್ಲ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, “ಯಾಹೂ ಅದನ್ನು ಆಮೇಲೆ ಬೇರೆ ಭಾಷೆಯಲ್ಲಿ ಬರೆಸಿತಲ್ಲವಾ?” ಅಂದರು. ಹೌದು, ಬರೆಸಿತ್ತು. ರೆಡ್ಡಿಟ್ ಕೂಡ ಶುರುವಾದದ್ದು ಕಾಮನ್ ಲಿಸ್ಪ್‌ನಲ್ಲಿ, 2005 ಮುಗಿಯುವುದರೊಳಗೆ ಪೈಥಾನ್‌ಗೆ ಹೋಗಿತ್ತು. ಅದನ್ನು ನಾನು ಹೇಳಲು ಹೋಗಲಿಲ್ಲ. ಅವರ ಎರಡನೇ ಪ್ರಶ್ನೆ ಇನ್ನೂ ನೇರವಾಗಿತ್ತು: “ನೀವು ರಜೆ ಹಾಕಿದರೆ ಇದನ್ನು ನೋಡಿಕೊಳ್ಳುವವರು ಯಾರು?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಮೂರು ತಿಂಗಳು, ಒಂದೇ ಒಂದು ಸಂಸ್ಥೆಯ ಫೈಲುಗಳು, ಹಳೆಯ ಸ್ಕ್ರಿಪ್ಟಿನ ಪಕ್ಕದಲ್ಲೇ ಓಡಬೇಕು, ಎರಡರ ಫಲಿತಾಂಶ ಪ್ರತಿದಿನ ಹೋಲಿಸಬೇಕು. ಆಗ ಅದು ನನ್ನ ಮೇಲಿನ ಅಪನಂಬಿಕೆ ಅನ್ನಿಸಿತ್ತು. ಆ ಹೋಲಿಕೆ ಇಲ್ಲದೇ ಹೋಗಿದ್ದರೆ ಈ ಪ್ರಾಜೆಕ್ಟು ಎರಡನೇ ತಿಂಗಳಿಗೇ ಮುಳುಗುತ್ತಿತ್ತು.

ಲಿಸ್ಪ್ ಕುಟುಂಬದ್ದೇ ಆದ ಕ್ಲೋಜರ್ ಯಾಕಲ್ಲ ಎಂದು ತುಂಬ ಜನ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ರಿಚ್ ಹಿಕ್ಕಿ 2007ರಲ್ಲಿ ಹೊರತಂದ ಆ ಭಾಷೆ ಜಾವಾದ ವರ್ಚುವಲ್ ಯಂತ್ರದ ಮೇಲೆ ಓಡುತ್ತದೆ, ಹಾಗಾಗಿ ಜಾವಾದ ಲೈಬ್ರರಿಗಳೆಲ್ಲ ಕೈಗೆ ಸಿಗುತ್ತವೆ. ಈಗಾಗಲೇ ಜಾವಾ ಬಳಸುತ್ತಿರುವ ತಂಡದವರು ಕೇಳಿದರೆ ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. ನಮ್ಮಲ್ಲಿ ಜಾವಾ ಇರಲಿಲ್ಲ, ಅದನ್ನು ನೋಡಿಕೊಳ್ಳುವುದು ಗೊತ್ತಿದ್ದವರೂ ಇರಲಿಲ್ಲ. ಮೇಲಾಗಿ ಕೆಟ್ಟ ಸಾಲುಗಳೇ ಮುಖ್ಯವಾದ ಈ ಕೆಲಸಕ್ಕೆ ಕಾಮನ್ ಲಿಸ್ಪ್‌ನ ಎರರ್ ವ್ಯವಸ್ಥೆ ಬೇಕಾಗಿತ್ತು. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಕಂಪೈಲರ್ ಎಸ್‌ಬಿಸಿಎಲ್, ಲೈಬ್ರರಿ ತರಿಸಲು ಕ್ವಿಕ್‌ಲಿಸ್ಪ್, ಬರೆಯಲು ಇಮ್ಯಾಕ್ಸ್ ಮತ್ತು ಅದನ್ನು ಓಡುತ್ತಿರುವ ಲಿಸ್ಪ್‌ಗೆ ಜೋಡಿಸುವ ಸ್ಲೈಮ್. ಹೆಚ್ಚು ಯೋಚಿಸದೆ ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿದೆ.

ಲಿಸ್ಪ್ ಕೋಡಿನ ತುಂಬ ಇರುವ ಬ್ರ್ಯಾಕೆಟ್ಟುಗಳ ಬಗ್ಗೆ ಒಂದೇ ಮಾತು: ಎರಡು ವಾರ ಕಾಡುತ್ತವೆ, ಆಮೇಲೆ ಕಣ್ಣಿಗೇ ಬೀಳುವುದಿಲ್ಲ. ಇಮ್ಯಾಕ್ಸ್‌ಗೆ ಪ್ಯಾರೆಡಿಟ್ ಎಂಬ ಸೌಲಭ್ಯ ಹಾಕಿಕೊಂಡರೆ ಬ್ರ್ಯಾಕೆಟ್ಟು ಎಣಿಸುವ ಪ್ರಶ್ನೆಯೇ ಬರುವುದಿಲ್ಲ. ಒಂದು ತುಂಡನ್ನು ಪೂರ್ತಿಯಾಗಿ ಎತ್ತಿ ಇನ್ನೊಂದರೊಳಗೆ ಇಡುವುದಷ್ಟೇ ಕೆಲಸ. ಲಿಸ್ಪ್ ಅಂದರೆ ಬ್ರ್ಯಾಕೆಟ್ಟು ಅನ್ನುವ ಜೋಕು ಹೇಳುವವರು ಆ ಎರಡು ವಾರ ದಾಟಿಲ್ಲ ಅಂತಲೇ ಲೆಕ್ಕ.

ದಾಟಿದ ಮೇಲೆ ಸಿಗುವುದು ರೆಪಲ್, ಕೋಡು ಟೈಪ್ ಮಾಡಿದ ಕೂಡಲೇ ಓಡಿಸಿ ಉತ್ತರ ಕೊಡುವ ಕಿಟಕಿ. ಬೇರೆ ಭಾಷೆಗಳಲ್ಲೂ ರೆಪಲ್ ಇದೆ ಅನ್ನುತ್ತಾರೆ. ಇದೆ, ಆದರೆ ಅದು ಲೆಕ್ಕ ಹಾಕಿ ನೋಡುವ ಕ್ಯಾಲ್ಕುಲೇಟರ್. ಇಲ್ಲಿ ಪ್ರೋಗ್ರಾಮು ಬೆಳಿಗ್ಗೆ ಒಮ್ಮೆ ಶುರುವಾಗುತ್ತದೆ, ಸಂಜೆಯವರೆಗೂ ಓಡುತ್ತಲೇ ಇರುತ್ತದೆ. ನಾನು ಬರೆಯುವುದೆಲ್ಲ ಆ ಓಡುತ್ತಿರುವ ಪ್ರೋಗ್ರಾಮಿನ ಒಳಕ್ಕೇ. ಒಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ತಿದ್ದಿ ಎರಡು ಕೀ ಒತ್ತಿದರೆ ಅದೊಂದೇ ಕಂಪೈಲ್ ಆಗಿ, ಅಂದರೆ ಯಂತ್ರದ ಭಾಷೆಗೆ ಇಳಿದು, ಹಳೆಯದರ ಜಾಗಕ್ಕೆ ಹೋಗಿ ಕೂರುತ್ತದೆ. ಡೇಟಾಬೇಸ್ ಸಂಪರ್ಕ ಹಾಗೇ ಇರುತ್ತದೆ, ಮೆಮೊರಿಯಲ್ಲಿರುವ ಫೈಲಿನ ಸಾಲುಗಳು ಹಾಗೇ ಇರುತ್ತವೆ.

ಮೊದಲ ವಾರದ್ದೇ ಒಂದು ಘಟನೆ. ಎರಡು ಲಕ್ಷ ಸಾಲಿನ ಫೈಲು, ಒಂದು ಲಕ್ಷ ನಲವತ್ತು ಸಾವಿರದ ಹತ್ತಿರ ಒಂದು ಸಾಲಿನಲ್ಲಿ ಮೊತ್ತದ ಜಾಗದಲ್ಲಿ ಬರೀ ಒಂದು ಅಡ್ಡಗೆರೆ. ತಪ್ಪು ಪತ್ತೆಹಚ್ಚುವ ಡೀಬಗರ್ ತೆರೆಯಿತು. ಅದು ಸತ್ತ ಪ್ರೋಗ್ರಾಮಿನ ಮರಣೋತ್ತರ ವರದಿ ಅಲ್ಲ. ಪ್ರೋಗ್ರಾಮು ಆ ಸಾಲಿನ ಮೇಲೆ ಕಾಲು ಎತ್ತಿಟ್ಟು ಹಾಗೇ ನಿಂತಿತ್ತು. ಸಾಲನ್ನು ಬಿಚ್ಚಿ ನೋಡಿದೆ, ಫಂಕ್ಷನ್ ತಿದ್ದಿದೆ, ಕಂಪೈಲ್ ಮಾಡಿದೆ, ಆ ಒಂದು ಕರೆಯನ್ನು ಮತ್ತೆ ನಡೆಸು ಎಂದೆ. (ಡೀಬಗ್ ಮಟ್ಟ ಹೆಚ್ಚಿಟ್ಟು ಕಂಪೈಲ್ ಮಾಡಿರಬೇಕು, ನಾನು ಮಾಡಿದ್ದೆ.) ಉಳಿದ ಅರವತ್ತು ಸಾವಿರ ಸಾಲು ಏನೂ ಆಗಿಲ್ಲ ಎಂಬಂತೆ ಮುಂದೆ ಹೋದವು. ಆ ಹೊತ್ತಿಗೆ ನಾನು ಈ ಭಾಷೆಗೆ ಮಾರುಹೋಗಿದ್ದೆ. ಮುಂದಿನ ಎಲ್ಲ ತೊಂದರೆಗಳೂ ಬಂದದ್ದು ಇದೇ ಗುಣದಿಂದ ಅನ್ನುವುದು ಆಗ ಗೊತ್ತಿರಲಿಲ್ಲ.

ಈಗ ಎರರ್ ವ್ಯವಸ್ಥೆ. ಸಾಮಾನ್ಯವಾಗಿ ಬೇರೆ ಭಾಷೆಗಳಲ್ಲಿ ಒಳಗೆಲ್ಲೋ ಎಡವಟ್ಟಾದರೆ ಎಕ್ಸೆಪ್ಶನ್ ಎಂಬ ದೋಷದ ಸುದ್ದಿ ಮೇಲಕ್ಕೆ ಹಾರುತ್ತದೆ, ಹಾರುವಾಗ ನಡುವಿನ ಕರೆಗಳನ್ನೆಲ್ಲ ಕಿತ್ತುಕೊಂಡು ಹೋಗುತ್ತದೆ. ಹಿಡಿದವನ ಕೈಗೆ ಸಿಗುವುದು ಸುದ್ದಿ ಮಾತ್ರ, ವಾಪಸ್ ಹೋಗುವ ದಾರಿ ಇರುವುದಿಲ್ಲ. ಕಾಮನ್ ಲಿಸ್ಪ್‌ನಲ್ಲಿ ಮೇಲಿನವನನ್ನು ಕೇಳುವ ಹೊತ್ತಿಗೆ ಕೆಳಗಿನವನು ಇನ್ನೂ ತನ್ನ ಜಾಗದಲ್ಲೇ ನಿಂತಿರುತ್ತಾನೆ. ಸಾಲು ಓದುವ ಫಂಕ್ಷನ್ ಹೇಳುವುದಿಷ್ಟು: ಈ ಸಾಲು ಅರ್ಥವಾಗಲಿಲ್ಲ, ಬಿಟ್ಟು ಮುಂದೆ ಹೋಗಬಲ್ಲೆ, ಬೇರೆ ಬೆಲೆ ಕೊಟ್ಟರೆ ಅದನ್ನು ಹಾಕಿಕೊಳ್ಳಬಲ್ಲೆ, ಇಲ್ಲವೇ ಫೈಲನ್ನೇ ತಳ್ಳಿಹಾಕಬಲ್ಲೆ. ಯಾವುದು ಎಂಬ ತೀರ್ಮಾನ ಮೇಲಿನವರದು. ರಾತ್ರಿ ಓಡುವಾಗ ನಮ್ಮ ನೀತಿ: ಐವತ್ತು ಸಾಲಿನವರೆಗೆ ಬಿಟ್ಟು ಪಕ್ಕದ ಫೈಲಿಗೆ ಬರೆ, ಐವತ್ತು ದಾಟಿದರೆ ಪೂರ್ತಿ ತಳ್ಳಿಹಾಕು. ಹೊಸ ಸಂಸ್ಥೆಯ ಫೈಲು ಪರೀಕ್ಷಿಸುವಾಗ: ಮೊದಲ ಕೆಟ್ಟ ಸಾಲಿಗೇ ನಿಲ್ಲು. ಲೆಕ್ಕಪತ್ರ ವಿಭಾಗದವರು ಕೈಯಾರೆ ತಿದ್ದುವ ಪರದೆಯಲ್ಲಿ: ಅವರನ್ನೇ ಕೇಳು. ಮೂರಕ್ಕೂ ಸಾಲು ಓದುವ ಕೋಡು ಒಂದೇ, ಅದರಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಹಳೆಯ ಸ್ಕ್ರಿಪ್ಟಿನಲ್ಲಿ ಇದೇ ವಿಷಯಕ್ಕೆ ಹನ್ನೊಂದು ಫ್ಲ್ಯಾಗುಗಳಿದ್ದವು.

ನಾನೂ ಮೊದಲು ಎಡವಿದೆ. ಹ್ಯಾಂಡ್ಲರ್-ಕೇಸ್ ಎಂಬುದು ನೋಡಲು ಪರಿಚಿತವಾಗಿತ್ತು, ಬೇರೆ ಭಾಷೆಗಳಲ್ಲಿ ಎಕ್ಸೆಪ್ಶನ್ ಹಿಡಿಯುವ ಟ್ರೈ-ಕ್ಯಾಚ್‌ನ ತಮ್ಮನ ಹಾಗೆ. ಅದನ್ನೇ ಬಳಸಿದೆ. ಒಳಗಿನಿಂದ ‘ಸಾಲು ಬಿಡು’ ಎಂಬ ರೀಸ್ಟಾರ್ಟ್ (ಕೆಳಗಿನವನು ಮುಂದಿಡುವ ಆ ಆಯ್ಕೆಗಳಿಗೆ ಇರುವ ಹೆಸರು) ಕರೆದರೆ ಅಂಥದ್ದೇ ಇಲ್ಲ ಅನ್ನುತ್ತದೆ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಹ್ಯಾಂಡ್ಲರ್-ಕೇಸ್ ಮೊದಲು ಕರೆಗಳನ್ನೆಲ್ಲ ಬಿಚ್ಚಿ ಹಾಕಿ ಆಮೇಲೆ ನನ್ನ ಕೋಡಿಗೆ ಬರುತ್ತದೆ, ಅಷ್ಟರಲ್ಲಿ ರೀಸ್ಟಾರ್ಟ್ ಹಾಕಿಟ್ಟಿದ್ದವನೇ ಹೊರಟುಹೋಗಿರುತ್ತಾನೆ. ಬೇಕಾದದ್ದು ಏನನ್ನೂ ಬಿಚ್ಚದೆ ಕೇಳುವ ಹ್ಯಾಂಡ್ಲರ್-ಬೈಂಡ್.

ಎರಡನೇ ತಿಂಗಳಲ್ಲಿ ದಿನದ ಹೋಲಿಕೆಯಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಬರತೊಡಗಿತು. ಎಲ್ಲವೂ ದಶಮಾಂಶದ ಕೊನೆಯ ಅಂಕಿಯಲ್ಲಿ. ಹಳೆಯ ಸ್ಕ್ರಿಪ್ಟೇ ತಪ್ಪು ಅಂತ ಎರಡು ದಿನ ವಾದಿಸಿದ್ದು ಈಗ ನೆನೆದರೆ ನಾಚಿಕೆ. ಬೇಗ ಮುಗಿಸುವ ಆತುರದಲ್ಲಿ ಮೊತ್ತವನ್ನು ಓದಲು ಲಿಸ್ಪ್‌ನ ರೀಡರನ್ನೇ, ಅಂದರೆ ಲಿಸ್ಪ್ ಕೋಡನ್ನು ಓದುವ ಭಾಗವನ್ನೇ, ಬಳಸಿದ್ದೆ, ರೀಡ್-ಫ್ರಮ್-ಸ್ಟ್ರಿಂಗ್. ಚುಕ್ಕಿ ಇರುವ ಸಂಖ್ಯೆ ಕಂಡರೆ ಅದು ಬೇರೇನೂ ಹೇಳದ ಹೊರತು 32 ಬಿಟ್‌ನ ಸಿಂಗಲ್ ಫ್ಲೋಟ್ ಮಾಡುತ್ತದೆ, ಅದರಲ್ಲಿ ಹಿಡಿಯುವುದು ಸುಮಾರು ಏಳು ಅಂಕಿ ಮಾತ್ರ. ರೆಪಲ್‌ನಲ್ಲಿ 345678.91 ಎಂದು ಟೈಪ್ ಮಾಡಿದೆ. 345678.9 ಎಂದು ಉತ್ತರ ಬಂತು. ಲೆಕ್ಕದ ಪ್ರೋಗ್ರಾಮು ಬರೆಯುವವರ ಎದೆ ಝಲ್ಲೆನ್ನುತ್ತದೆ.

ಅದೇ ಸಾಲಿನಲ್ಲಿ ಇನ್ನೊಂದು ಪಾಪವೂ ಅಡಗಿತ್ತು. ಲಿಸ್ಪ್ ರೀಡರ್ ಓದುವಾಗಲೇ ಕೋಡು ನಡೆಸುವ ಸೌಲಭ್ಯ ಹೊಂದಿದೆ. ಹ್ಯಾಶ್ ಮತ್ತು ಚುಕ್ಕಿ ಸೇರಿಸಿ ಬರೆದರೆ ಮುಂದಿನದನ್ನು ಲೆಕ್ಕ ಮಾಡಿಯೇ ಕೊಡುತ್ತದೆ. ಅಂದರೆ ಹೊರಗಿನವರು ಕಳಿಸಿದ ಫೈಲಿನಲ್ಲಿ ಮೊತ್ತದ ಜಾಗದಲ್ಲಿ ಯಾರಾದರೂ ಕೋಡು ಬರೆದು ಕಳಿಸಿದ್ದರೆ ನಮ್ಮ ಸರ್ವರ್ ಅದನ್ನು ವಿಧೇಯವಾಗಿ ಓಡಿಸುತ್ತಿತ್ತು. ರೀಡ್-ಇವ್ಯಾಲ್ ಎಂಬ ವೇರಿಯಬಲ್ಲನ್ನು ಆಫ್ ಮಾಡಿದರೆ ಅದು ನಿಲ್ಲುತ್ತದೆ, ಆದರೆ ಹೊರಗಿನ ದತ್ತಾಂಶಕ್ಕೆ ಆ ರೀಡರನ್ನು ತೋರಿಸುವುದೇ ತಪ್ಪು. ಮೊತ್ತ ಓದುವ ಫಂಕ್ಷನ್ನನ್ನು ಹನ್ನೆರಡು ಸಾಲಿನಲ್ಲಿ ನಾನೇ ಬರೆದೆ: ಅಂಕಿಗಳನ್ನು ಪೂರ್ಣಾಂಕವಾಗಿ ಓದು, ನೂರರಿಂದ ಭಾಗಿಸು.

ಭಾಗಿಸಿದರೆ ಲಿಸ್ಪ್ ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳುತ್ತದೆ. (/ 1 3) ಎಂದರೆ 1/3, ಶಾಲೆಯಲ್ಲಿ ಬರೆದ ಹಾಗೆ. ಸೊನ್ನೆ ಬಿಂದು ಮೂರು ಮೂರು ಅಂತ ಎಳೆಯುವುದಿಲ್ಲ. ನೂರನ್ನು ಮೂವರಿಗೆ ಹಂಚಿ ಮತ್ತೆ ಕೂಡಿಸಿದರೆ ನೂರೇ ಬರುತ್ತದೆ. ಕಮಿಷನ್ ಲೆಕ್ಕ ಎಷ್ಟೇ ಸುತ್ತು ಹೊಡೆದರೂ ನಿಖರ. ಪೂರ್ಣಗೊಳಿಸುವುದು (ರೌಂಡ್ ಮಾಡುವುದು) ಕೊನೆಯಲ್ಲಿ ಒಂದೇ ಸಲ. ಇಷ್ಟಾದರೂ ಇನ್ನೂ ನಾಲ್ಕಾರು ಸಾಲು ಹೊಂದಲಿಲ್ಲ. ಹುಡುಕಿದರೆ ಆ ಪೂರ್ಣಗೊಳಿಸುವಿಕೆಯಲ್ಲೇ ಇತ್ತು. ಕಾಮನ್ ಲಿಸ್ಪ್‌ನ ರೌಂಡ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ: ಎರಡೂವರೆ ಎರಡಾಗುತ್ತದೆ, ಮೂರೂವರೆ ನಾಲ್ಕಾಗುತ್ತದೆ. ಫೈಲು ಕಳಿಸುವವರು ಅರ್ಧ ಬಂದರೆ ಯಾವಾಗಲೂ ಮೇಲಕ್ಕೇ ಹೋಗುತ್ತಾರೆ. ಅದನ್ನೂ ಸರಿಮಾಡಿದ ಮರುದಿನ ಹೋಲಿಕೆ ಶೂನ್ಯ ತೋರಿಸಿತು. ಮ್ಯಾನೇಜರ್ ಏನೂ ಹೇಳಲಿಲ್ಲ. ಎರಡನೇ ಸಂಸ್ಥೆಯ ಫೈಲುಗಳ ಫೋಲ್ಡರಿಗೆ ನನಗೆ ಅನುಮತಿ ಕೊಟ್ಟರು.

ಅಲ್ಲಿಂದ ಮ್ಯಾಕ್ರೊಗಳ, ಅಂದರೆ ಕೋಡು ಬರೆಯುವ ಕೋಡಿನ, ಕಾಲ. ಲಿಸ್ಪ್ ಕಲಿತವರೆಲ್ಲರಿಗೂ ಒಮ್ಮೆ ಬರುವ ಜ್ವರ ಅದು. ಪ್ರೋಗ್ರಾಮೇ ಪಟ್ಟಿಗಳಿಂದ ಮಾಡಿದ್ದು, ಹಾಗಾಗಿ ಪಟ್ಟಿಯನ್ನು ಕತ್ತರಿಸಿ ಜೋಡಿಸುವ ಕೋಡೇ ಹೊಸ ಕೋಡನ್ನು ಹುಟ್ಟಿಸಬಲ್ಲದು. ನನಗೆ ಬೇಕಾದದ್ದು ನಿಯಮಗಳನ್ನು ಲೆಕ್ಕಪತ್ರ ವಿಭಾಗದವರೂ ಓದಿ ಹೌದು-ಅಲ್ಲ ಹೇಳುವ ರೂಪದಲ್ಲಿ ಬರೆಯುವುದು. ಕನ್ನಡಕ್ಕಿಳಿಸಿ ತೋರಿಸಿದರೆ ಹೀಗಿತ್ತು:

(ನಿಯಮ ತಡವಾದ-ಜಮೆ
  (ಮೊತ್ತ ಸಮ)
  (ದಿನಾಂಕ-ಅಂತರ 1 3)
  (ಆಗ ಹೊಂದಿಸು "ತಡವಾಗಿ ಜಮೆಯಾಗಿದೆ"))

ನಿಯಮ ಎಂಬುದು ಒಂದು ಮ್ಯಾಕ್ರೊ. ಈ ನಾಲ್ಕು ಸಾಲಿನಿಂದ ಅದು ಹೊಂದಿಸಿ ನೋಡುವ ಫಂಕ್ಷನ್ ಬರೆಯುತ್ತದೆ, ನಿಯಮಗಳ ಪಟ್ಟಿಗೆ ಹೆಸರು ಸೇರಿಸುತ್ತದೆ, ಯಾವ ನಿಯಮಕ್ಕೆ ಎಷ್ಟು ಸಾಲು ಸಿಕ್ಕಿತು ಎಂದು ಎಣಿಸುವ ವ್ಯವಸ್ಥೆಯನ್ನೂ ಹಾಕುತ್ತದೆ. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಮೊದಲ ಸಲ ಇದನ್ನು ನೋಡಿ, “ಇಲ್ಲಿ ಮೂರು ಅಂತ ಇದೆಯಲ್ಲ, ರಜೆ ಬಂದರೆ ನಾಲ್ಕಾಗಬೇಕಲ್ಲವೇ?” ಅಂದರು. ಆರು ವರ್ಷದಿಂದ ಹಳೆಯ ಸ್ಕ್ರಿಪ್ಟಿನಲ್ಲಿ ಕೂತಿದ್ದ ತಪ್ಪು ಅದು. ಕೋಡು ಬರೆಯದವರ ಕಣ್ಣಿಗೆ ಬೀಳುವ ಜಾಗಕ್ಕೆ ಬಂದ ಮೊದಲ ದಿನವೇ ಸಿಕ್ಕಿಬಿತ್ತು. ಮ್ಯಾಕ್ರೊ ಬೇಕೇ ಎಂದು ಕೇಳುವವರಿಗೆ ನಾನು ಈ ಘಟನೆಯನ್ನೇ ಹೇಳುವುದು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕೆಲವೇ ತಿಂಗಳಲ್ಲಿ ಹದಿನಾಲ್ಕು ಮ್ಯಾಕ್ರೊಗಳಾದವು. ಕೆಲವು ಹೇಳದೆ ಕೇಳದೆ ಒಳಗೊಂದು ವೇರಿಯಬಲ್ ಹುಟ್ಟಿಸುತ್ತಿದ್ದವು, ಬರೆದ ನನಗೇ ಎರಡು ವಾರದ ಮೇಲೆ ಅದು ಎಲ್ಲಿಂದ ಬಂತು ಎಂದು ತಿಳಿಯುತ್ತಿರಲಿಲ್ಲ. ಇನ್ನೂ ಕೆಟ್ಟದ್ದು ಬೇರೆ. ಒಂದು ಮಧ್ಯಾಹ್ನ ನಿಯಮ ಮ್ಯಾಕ್ರೊ ತಿದ್ದಿದೆ, ಕಂಪೈಲ್ ಮಾಡಿದೆ, ಪರೀಕ್ಷೆ ಓಡಿಸಿದೆ. ಏನೂ ಬದಲಾಗಿಲ್ಲ. ಮತ್ತೆ ತಿದ್ದಿದೆ. ಊಹೂಂ. ಫಂಕ್ಷನ್ ಬದಲಾಯಿಸಿದರೆ ಅದನ್ನು ಕರೆಯುವವರೆಲ್ಲ ಮುಂದಿನ ಕರೆಗೆ ಹೊಸದನ್ನೇ ಕಾಣುತ್ತಾರೆ, ಆದರೆ ಮ್ಯಾಕ್ರೊ ಕಂಪೈಲ್ ಹೊತ್ತಿನಲ್ಲೇ ಬಿಚ್ಚಿಕೊಂಡು ಮುಗಿದುಹೋದ ವ್ಯವಹಾರ. ಆಗಲೇ ಕಂಪೈಲ್ ಆಗಿದ್ದ ಎಂಬತ್ತು ನಿಯಮಗಳ ಹೊಟ್ಟೆಯಲ್ಲಿ ಹಳೆಯ ಮ್ಯಾಕ್ರೊ ಬಿಚ್ಚಿಟ್ಟ ಕೋಡೇ ಇತ್ತು. ನನ್ನ ಫೈಲಿನಲ್ಲಿದ್ದದ್ದು ಒಂದು, ಓಡುತ್ತಿದ್ದದ್ದು ಇನ್ನೊಂದು. ಇದು ಮೊದಲ ಎಚ್ಚರಿಕೆ, ನಾನು ಗಮನಿಸಲಿಲ್ಲ. ಹದಿನಾಲ್ಕರಲ್ಲಿ ಈಗ ಉಳಿದಿರುವುದು ಮೂರು. ಉಳಿದವನ್ನೆಲ್ಲ ಮಾಮೂಲಿ ಫಂಕ್ಷನ್ ಮಾಡಿದೆವು.

ಪಟ್ಟಿ ವಿಂಗಡಿಸುವ ಸಾರ್ಟ್ ಕೊಟ್ಟ ಪಟ್ಟಿಯನ್ನೇ ಒಡೆದು ಮರುಜೋಡಿಸುತ್ತದೆ, ಅದು ಹಿಂದಿರುಗಿಸುವುದನ್ನು ಹಿಡಿದಿಟ್ಟುಕೊಳ್ಳದಿದ್ದರೆ ಕೈಯಲ್ಲಿ ಅರ್ಧ ಪಟ್ಟಿ ಉಳಿಯುತ್ತದೆ. ಎಲ್ಲ ಪುಸ್ತಕದಲ್ಲೂ ಬರೆದಿರುತ್ತಾರೆ. ಎಲ್ಲರೂ ಒಮ್ಮೆ ಬೀಳುತ್ತಾರೆ. ನಾನೂ ಬಿದ್ದೆ, ಮುಂದೆ ಹೋಗೋಣ.

ಥ್ರೆಡ್‌ಗಳದ್ದು ಮಾತ್ರ ಸ್ವಲ್ಪ ಹೇಳಬೇಕು. ನಾಲ್ಕು ಸಂಸ್ಥೆಗಳ ಫೈಲುಗಳನ್ನು ಒಟ್ಟಿಗೆ ಓಡಿಸೋಣ ಎಂದು ನಾಲ್ಕು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಅಕ್ಕಪಕ್ಕದಲ್ಲಿ ನಡೆಯುವ ನಾಲ್ಕು ಕೆಲಸದ ಎಳೆ, ಮಾಡಿದೆ. ಈಗ ಯಾವ ಸಂಸ್ಥೆಯ ಕೆಲಸ ನಡೆಯುತ್ತಿದೆ ಎಂಬುದು ಒಂದು ಡೈನಮಿಕ್ ವೇರಿಯಬಲ್‌ನಲ್ಲಿತ್ತು. ಹೊರಗೆ ಅದಕ್ಕೆ ಹೆಸರು ಕಟ್ಟಿ, ಒಳಗೆ ಥ್ರೆಡ್ ಹುಟ್ಟಿಸುತ್ತಿದ್ದೆ. ಹಾಗೆ ಕಟ್ಟಿದ ಬೆಲೆ ಕಟ್ಟಿದ ಥ್ರೆಡ್‌ಗೆ ಮಾತ್ರ ಸೇರಿದ್ದು. ಎಸ್‌ಬಿಸಿಎಲ್‌ನಲ್ಲಿ ಹೊಸ ಥ್ರೆಡ್‌ಗೆ ಕಾಣುವುದು ಎಲ್ಲಕ್ಕಿಂತ ಹೊರಗಿನ, ಜಾಗತಿಕ ಬೆಲೆ. ನಾನು ಪರೀಕ್ಷೆ ಮಾಡುವಾಗ ರೆಪಲ್‌ನಲ್ಲಿ ಆ ಜಾಗತಿಕ ಬೆಲೆಗೆ ಒಂದು ಸಂಸ್ಥೆಯ ಹೆಸರು ಕೊಟ್ಟು ಮರೆತಿದ್ದೆ. ಹಾಗಾಗಿ ಎರರ್ ಕೂಡ ಬರಲಿಲ್ಲ. ನಾಲ್ಕೂ ವರದಿಗಳು ನಾಲ್ಕು ಥರದ ಅಂಕಿಗಳೊಂದಿಗೆ, ಒಂದೇ ಸಂಸ್ಥೆಯ ಹೆಸರಲ್ಲಿ ಬಂದವು. ಇಲ್ಲೂ ಕಥೆ ಅದೇ: ಫೈಲಿನಲ್ಲಿ ಇಲ್ಲದ ಸ್ಥಿತಿಯೊಂದು ಓಡುವ ಪ್ರೋಗ್ರಾಮಿನಲ್ಲಿ ಉಳಿದುಕೊಂಡಿತ್ತು.

ಲೈಬ್ರರಿಗಳ ಬಗ್ಗೆ ಹೆದರಿಸುವವರು ಬಹಳ. ನನ್ನ ಅನುಭವ ಮಿಶ್ರ. ಭಾಷೆಯ ಆನ್ಸಿ (ಅಮೆರಿಕದ ಮಾನದಂಡ ಸಂಸ್ಥೆ) ಮಾನದಂಡ 1994ರದು, ಅಂದಿನಿಂದ ಬದಲಾಗಿಲ್ಲ. ಆದ್ದರಿಂದ ಹತ್ತು ವರ್ಷದಿಂದ ಯಾರೂ ಮುಟ್ಟದ ಲೈಬ್ರರಿ ಬೇರೆ ಕಡೆ ಸತ್ತದ್ದು ಅನ್ನಿಸಿಕೊಂಡರೆ ಇಲ್ಲಿ ಬಹುತೇಕ ಮುಗಿದ ಕೆಲಸ ಅನ್ನಿಸಿಕೊಳ್ಳುತ್ತದೆ. ಅಕ್ಷರಗಳ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ಸಿಎಲ್-ಪಿಪಿಸಿಆರ್‌ಇ, ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಪೋಸ್ಟ್‌ಮಾಡರ್ನ್, ವೆಬ್ ಪರದೆಗೆ ಹಂಚೆಂಟೂಟ್. ಮೂರೂ ಒಂದು ದಿನವೂ ತಕರಾರು ಮಾಡಲಿಲ್ಲ. ಆದರೆ ಫೈಲು ಸಂಗ್ರಹಿಸುವ ಕ್ಲೌಡ್ ಸೇವೆಗೆ ನಂಬುವಂಥದ್ದು ಸಿಗಲಿಲ್ಲ. ಸೇವೆಯವರೇ ಕೊಡುವ ಕಮಾಂಡ್‌ಲೈನ್ ಉಪಕರಣವನ್ನು ಲಿಸ್ಪ್‌ನಿಂದ ಕರೆದು ಕೆಲಸ ಸಾಗಿಸಿದೆ. ಚಂದವಿಲ್ಲ, ನಡೆಯುತ್ತದೆ.

ಸರ್ವರಿಗೆ ಏರಿಸುವ ದಿನ. ಎಸ್‌ಬಿಸಿಎಲ್‌ನಲ್ಲಿ ಇದಕ್ಕಿರುವ ಫಂಕ್ಷನ್ನಿನ ಹೆಸರು ಸೇವ್-ಲಿಸ್ಪ್-ಆಂಡ್-ಡೈ. ಓಡುತ್ತಿರುವ ಇಡೀ ಪ್ರೋಗ್ರಾಮನ್ನು, ಮೆಮೊರಿಯಲ್ಲಿ ಇರುವುದೆಲ್ಲ ಸಮೇತ, ಒಂದೇ ಫೈಲಿಗೆ ಇಳಿಸಿ ತಾನು ಪ್ರಾಣ ಬಿಡುತ್ತದೆ. ಆ ಫೈಲನ್ನು ಸರ್ವರಿನಲ್ಲಿಟ್ಟು ಓಡಿಸಿದರೆ ಬಿಟ್ಟಲ್ಲಿಂದ ಎದ್ದು ಕೂರುತ್ತದೆ. ನಲವತ್ತು ಎಂಬಿ ಆಸುಪಾಸು, ಹೊರಗಿನಿಂದ ಹೆಚ್ಚೇನೂ ಬೇಡ. ಮೊದಲ ಸಲ ಮಾಡಿದಾಗ, ಒಂದಕ್ಕಿಂತ ಹೆಚ್ಚು ಥ್ರೆಡ್ ಓಡುತ್ತಿರುವಾಗ ಉಳಿಸಲಾಗದು ಎಂದು ಮುಖ ತಿರುಗಿಸಿತು. ಸ್ಲೈಮ್‌ಗೆ ಉತ್ತರಿಸುವ ಥ್ರೆಡ್ ಒಳಗೇ ಇತ್ತಲ್ಲ. ನಿಲ್ಲಿಸಿ ಉಳಿಸಿದೆ. ಸರ್ವರಿನಲ್ಲಿ ಎದ್ದು, ನನ್ನ ಲ್ಯಾಪ್‌ಟಾಪಿನ ಡೇಟಾಬೇಸನ್ನು ಹುಡುಕತೊಡಗಿತು. ಸಂರಚನೆಯ ಫೈಲನ್ನು, ವೇರಿಯಬಲ್ ಹುಟ್ಟಿಸುವ ಡೆಫ್‌ವಾರ್ ಒಳಗೆ ಓದುತ್ತಿದ್ದೆ, ಅದು ನಡೆಯುವುದು ಲೋಡ್ ಆಗುವಾಗ. ಲೋಡ್ ಆದದ್ದು ನನ್ನ ಯಂತ್ರದಲ್ಲಿ. ನನ್ನ ಪಾಸ್‌ವರ್ಡ್ ಸಮೇತ ಎಲ್ಲವೂ ಆ ನಲವತ್ತು ಎಂಬಿಯೊಳಗೆ ಉಪ್ಪಿನಕಾಯಿಯ ಹಾಗೆ ಕೂತಿತ್ತು. ಅಂದಿನಿಂದ, ಹೊರಗಿನ ಲೋಕಕ್ಕೆ ಸಂಬಂಧಪಟ್ಟದ್ದೆಲ್ಲ ಪ್ರೋಗ್ರಾಮು ಎದ್ದ ಮೇಲೆ ಕರೆಯುವ ಒಂದೇ ಫಂಕ್ಷನ್ನಿನಲ್ಲಿ. ಅಕ್ಷರ ಸಂಕೇತವೂ ಅಲ್ಲೇ, ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ಸರ್ವರಿನ ಲೊಕೇಲ್ (ಭಾಷೆ, ಅಕ್ಷರಗಳ ಹೊಂದಿಕೆ) ನಂಬಿ ಒಮ್ಮೆ ಹೆಸರುಗಳೆಲ್ಲ ಕಲಸಿಹೋಗಿದ್ದವು.

ಇಷ್ಟು ಹೊತ್ತಿಗೆ ತಂಡಕ್ಕೆ ಇನ್ನೊಬ್ಬರು ಬಂದಿದ್ದರು. ಲಿಸ್ಪ್ ನೋಡಿರಲೇ ಇಲ್ಲ. ಮ್ಯಾನೇಜರ್ ಕೇಳಿದ್ದ ಆ ಎರಡನೇ ಪ್ರಶ್ನೆಗೆ ಉತ್ತರ ಇವರೇ ಆಗಬೇಕಿತ್ತು. ಒಂದು ತಿಂಗಳಲ್ಲಿ ನಿಯಮಗಳನ್ನು ಬರೆಯತೊಡಗಿದರು, ಎರಡನೇ ತಿಂಗಳಲ್ಲಿ ನನ್ನ ಮ್ಯಾಕ್ರೊಗಳನ್ನು ಅಳಿಸತೊಡಗಿದರು. ಪಟ್ಟಿಯ ಮೊದಲನೆಯದನ್ನು ತೆಗೆಯುವುದಕ್ಕೆ ಕಾರ್ ಎಂದು ಯಾಕೆ ಹೆಸರು ಅಂತ ಒಮ್ಮೆ ಕೇಳಿದರು. ಜಾನ್ ಮೆಕಾರ್ಥಿ 1958ರಲ್ಲಿ ಇದನ್ನು ಶುರುಮಾಡಿದಾಗ ಎದುರಿಗಿದ್ದದ್ದು ಐಬಿಎಂ 704. ಅದರ ಮೆಮೊರಿಯ ಒಂದು ಪದದಲ್ಲಿ (ವರ್ಡ್) ಅಡ್ರೆಸ್ ಭಾಗ, ಡಿಕ್ರಿಮೆಂಟ್ ಭಾಗ ಎಂಬವೂ ಇದ್ದವು, ಅಡ್ರೆಸ್ ಭಾಗದಲ್ಲಿರುವುದು ಕಾರ್, ಇನ್ನೊಂದರಲ್ಲಿರುವುದು ಕುಡರ್. ಕಾಗದದ ಮೇಲಿದ್ದ ಇವ್ಯಾಲ್ ಎಂಬ ಸೂತ್ರವನ್ನು ಸ್ಟೀವ್ ರಸೆಲ್ ಆ ಯಂತ್ರದಲ್ಲೇ ಓಡುವಂತೆ ಮಾಡಿದ್ದು. “ಯಂತ್ರ ಹೋಯಿತು, ಹೆಸರು ಉಳಿಯಿತು ಅನ್ನಿ,” ಎಂದರು. ನಮ್ಮ ಕೋಡಿನಲ್ಲೆಲ್ಲ ಅದನ್ನು ಫಸ್ಟ್, ರೆಸ್ಟ್ ಎಂದು ಬದಲಾಯಿಸಿಬಿಟ್ಟರು.

ಆ ರಾತ್ರಿಯ ವಿಷಯ. ಎರಡು ಗಂಟೆಗೆ ಫೋನು ಹೊಡೆದುಕೊಂಡಿತು. ಒಂದು ಸಂಸ್ಥೆಯವರು ಹೇಳದೆ ಕೇಳದೆ ದಿನಾಂಕದ ರೂಪ ಬದಲಾಯಿಸಿದ್ದರು; ಐವತ್ತು ಸಾಲು ದಾಟಿ ಫೈಲು ತಿರಸ್ಕೃತವಾಗಿತ್ತು. ಸರ್ವರಿಗೆ ಎಸ್‌ಎಸ್‌ಎಚ್ ಸುರಂಗ (ದೂರದ ಯಂತ್ರಕ್ಕೆ ಗುಟ್ಟಾದ ಸಂಪರ್ಕ) ಹಾಕಿ, ಓಡುತ್ತಿರುವ ಪ್ರೋಗ್ರಾಮಿಗೆ ಸ್ಲೈಮ್ ಜೋಡಿಸಿದೆ. ದಿನಾಂಕ ಓದುವ ಫಂಕ್ಷನ್ನಿಗೆ ಹೊಸ ರೂಪವನ್ನು ಸೇರಿಸಿ ಬರೆದೆ, ಕಂಪೈಲ್ ಮಾಡಿದೆ, ಆ ಫೈಲನ್ನು ಮತ್ತೆ ಓಡಿಸು ಎಂದೆ. ಏಳು ನಿಮಿಷ. ಪಕ್ಕದ ಮೂರು ಥ್ರೆಡ್‌ಗಳಲ್ಲಿ ಬೇರೆ ಸಂಸ್ಥೆಗಳ ಕೆಲಸ ನಿಲ್ಲದೆ ನಡೆದಿತ್ತು. 1999ರಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ ಓಡುತ್ತಿದ್ದ ಲಿಸ್ಪ್ ಪ್ರೋಗ್ರಾಮು ಸಿಕ್ಕಿಹಾಕಿಕೊಂಡಾಗ, ಕೋಟ್ಯಂತರ ಮೈಲಿ ದೂರದ ರೆಪಲ್ ಮೂಲಕ ತೊಡಕನ್ನು ಪತ್ತೆಹಚ್ಚಿದ ಕಥೆ ಲಿಸ್ಪ್ ಮಂದಿಗೆಲ್ಲ ಬಾಯಿಪಾಠ. ಕತ್ತಲಲ್ಲಿ ಒಬ್ಬನೇ ಕೂತು ನಾನೂ ಆ ವಂಶದವನೇ ಅಂದುಕೊಂಡೆ. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ಮೂರು ವಾರದ ಮೇಲೆ ಹೊಸ ಸಹೋದ್ಯೋಗಿ ಮೊದಲ ಸಲ ತಾವೇ ಬಿಲ್ಡ್ ಮಾಡಿ, ಅಂದರೆ ಕೋಡಿನಿಂದ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಿ, ಸರ್ವರಿಗೆ ಏರಿಸಿದರು. ಎರಡು ಹೊಸ ನಿಯಮ, ಅಷ್ಟೇ. ಆ ರಾತ್ರಿ ಅದೇ ಸಂಸ್ಥೆಯ ಫೈಲು ದಿನಾಂಕದಲ್ಲಿ ಬಿತ್ತು. ತಮ್ಮಿಂದಲೇ ಆಯಿತೆಂದು ನಂಬಿ ಬೆಳಗಿನವರೆಗೆ ಆ ಎರಡು ನಿಯಮಗಳನ್ನೇ ತಿರುವಿ ಹಾಕಿದ್ದರು. ನಾನು ಹೋದಾಗ ಹಳೆಯ ಬಿಲ್ಡಿನ ಪ್ರೋಗ್ರಾಮು ಇನ್ನೊಂದು ಸರ್ವರಿನಲ್ಲಿ ನಿಲ್ಲಿಸದೆ ಹಾಗೇ ಇತ್ತು. ಅವರು ಅದಕ್ಕೆ ಸ್ಲೈಮ್ ಜೋಡಿಸಿಕೊಂಡು ದಿನಾಂಕದ ಫಂಕ್ಷನ್ನಿನ ಮೂಲ ತೋರಿಸು ಎಂದು ಕೇಳುತ್ತಿದ್ದರು. ಮೂಲ ಫೈಲು ಇಲ್ಲ ಎಂದು ಬರುತ್ತಿತ್ತು.

“ಇಲ್ಲಿ ಇದು ಸರಿಯಾಗಿ ಓಡುತ್ತಿದೆ,” ಎಂದರು. “ಆದರೆ ನಮ್ಮ ಕೋಡು ಇಡುವ ರೆಪೊದಲ್ಲಿ ಎಲ್ಲೂ ಇಲ್ಲ. ಇದನ್ನು ಯಾರು ಬರೆದದ್ದು?”

ಯಾರೆಂದು ಹೇಳಿದೆ. ನನ್ನ ಏಳು ನಿಮಿಷದ ಸಾಹಸದಿಂದ ಅವರ ಒಂದು ರಾತ್ರಿ ನಿದ್ದೆ ಹೋಗಿತ್ತು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಆ ವಾರ ಎರಡು ಬದಲಾವಣೆ ಆದವು. ಬಿಲ್ಡ್ ಇನ್ನು ಯಾರ ಲ್ಯಾಪ್‌ಟಾಪಿನಲ್ಲೂ ಇಲ್ಲ. ಪ್ರತಿ ರಾತ್ರಿ ಒಂದು ಖಾಲಿ ಯಂತ್ರ ರೆಪೊದಿಂದ ಎಲ್ಲವನ್ನೂ ಮೊದಲಿನಿಂದ ಕಂಪೈಲ್ ಮಾಡಿ, ಪರೀಕ್ಷೆ ಓಡಿಸಿ, ಇಡೀ ಪ್ರೋಗ್ರಾಮು ಇಳಿಸಿಟ್ಟ ಆ ಒಂದೇ ಫೈಲನ್ನು (ಇಮೇಜು) ಉಳಿಸುತ್ತದೆ. ಓಡುತ್ತಿರುವ ಪ್ರೋಗ್ರಾಮಿಗೆ ಕೈ ಹಾಕುವುದನ್ನು ನಿಲ್ಲಿಸಲಿಲ್ಲ, ಅದನ್ನು ಬಿಟ್ಟರೆ ಲಿಸ್ಪ್ ಯಾಕೆ ಬೇಕು. ಆದರೆ ಕಮಿಟ್ ಆದ, ಅಂದರೆ ರೆಪೊಗೆ ಸೇರಿದ, ಫೈಲನ್ನು ಲೋಡ್ ಮಾಡಿಯೇ ಹಾಕಬೇಕು, ರೆಪಲ್‌ನಲ್ಲಿ ಟೈಪ್ ಮಾಡಿ ಅಲ್ಲ. ಎರಡನೆಯದು ಅವರದೇ ಯೋಚನೆ. ಓಡುತ್ತಿರುವ ಪ್ರೋಗ್ರಾಮಿನ ಒಳಗೆ ನಮ್ಮ ಪ್ಯಾಕೇಜಿನ ಪ್ರತಿ ಫಂಕ್ಷನ್ನನ್ನೂ ಹಿಡಿದು ನೀನು ಯಾವ ಫೈಲಿನಿಂದ ಬಂದೆ ಎಂದು ಕೇಳುವ ಮೂವತ್ತು ಸಾಲಿನ ಕೋಡು. ಉತ್ತರ ಹೇಳದವುಗಳ ಪಟ್ಟಿ ಬೆಳಿಗ್ಗೆ ಇಬ್ಬರಿಗೂ ಮೇಲ್ ಬರುತ್ತದೆ.

ಮೊದಲ ದಿನ ಏಳು ಹೆಸರು ಬಂದವು. ಏಳೂ ನನ್ನವೇ. ಆರನ್ನು ಮಧ್ಯಾಹ್ನದೊಳಗೆ ಫೈಲಿಗೆ ಸೇರಿಸಿದೆ. ಏಳನೆಯದು ಏನು ಮಾಡುತ್ತದೆಂದು ನನಗೇ ನೆನಪಾಗಲಿಲ್ಲ. ತೆಗೆದುಹಾಕಿದೆವು, ಇದುವರೆಗೆ ಯಾರೂ ಕೇಳಿಲ್ಲ.